ಕಾರಿನ ಲೈಸೆನ್ಸ್ ಇದ್ದರೆ ದೂರದ ಲಾರಿ ಓಡಿಸಿ ದುಡಿಯಬಹುದೇ?

‘ಕಾರಿನ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ, ನಾಳೆಯೇ ಲಾರಿ ಹತ್ತಿ’ ಎಂಬ ಸಂದೇಶ ನಿಮಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಅದು ಅರ್ಧ ಸತ್ಯ.

2024ರ ನವೆಂಬರ್ 6ರ ತೀರ್ಪು, ಗಾಡಿ ಮತ್ತು ಸರಕು ಸೇರಿ ಒಟ್ಟು ತೂಕ 7,500 ಕೆ.ಜಿ. ಮೀರದ ವಾಹನಗಳಿಗೆ ಮಾತ್ರ. ಹೊಸದುರ್ಗ, ಹೊಳಲ್ಕೆರೆಯಿಂದ ತೆಂಗು, ಅಡಿಕೆ ಸಾಗಿಸುವ ಸಣ್ಣ ಗೂಡ್ಸ್ ಗಾಡಿ ಇದರಲ್ಲಿ ಬರುತ್ತದೆ. ಹಿರಿಯೂರು, ಚಿತ್ರದುರ್ಗ ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆ, ಮುಂಬೈಗೆ ಹೋಗುವ ಹತ್ತು-ಹನ್ನೆರಡು ಚಕ್ರದ ಲಾರಿ ಬರುವುದಿಲ್ಲ. ಅದನ್ನು ಓಡಿಸಲು 20 ವರ್ಷ ತುಂಬಿರಬೇಕು. ಕಾರಿನ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಕಳೆದ ಮೇಲಷ್ಟೇ ಇದರ ಎಲ್‌ಎಲ್‌ಆರ್. ವೈದ್ಯಕೀಯ ಪ್ರಮಾಣಪತ್ರವೂ ಬೇಕು, ಆಮೇಲೆ ಆರ್‌ಟಿಒ ಪರೀಕ್ಷೆ. ಇವಿಲ್ಲದೆ ಓಡಿಸಿ ಅಪಘಾತವಾದರೆ, ವಿಮಾ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಲಾರಿ ಮಾಲೀಕರಿಂದ ವಸೂಲಿ ಮಾಡಬಹುದು. ಚಾಲಕನ ಮೇಲೆ ಕೇಸು ಬೇರೆ.

ಇನ್ನು ಸಂಪಾದನೆ. ‘ತಿಂಗಳಿಗೆ ಇಷ್ಟು’ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಸಂಬಳ ಎಷ್ಟು, ಬಾಟಾ ಎಷ್ಟು ಎಂದು ಬಿಡಿಸಿ ಕೇಳಿ. ಬಾಟಾ ಅಂದರೆ ದಾರಿಯ ಊಟ-ತಿಂಡಿಯ ದುಡ್ಡು. ಅದು ಪೂರ್ತಿ ಮನೆಗೆ ಬರುವುದಿಲ್ಲ. ಟ್ರಿಪ್ ಲೆಕ್ಕದಲ್ಲಿ ಕೊಡುವುದಾದರೆ, ಲೋಡಿಗಾಗಿ ಕಾದು ನಿಂತ ದಿನಗಳಿಗೆ ಏನೂ ಸಿಗದಿರಬಹುದು. ಪಂಚರ್, ದಂಡ ಯಾರ ಲೆಕ್ಕ? ಲಾರಿ ಹತ್ತುವ ಮೊದಲೇ ಇದನ್ನು ಬರೆಸಿಕೊಳ್ಳಿ ಎಂಬುದು ನಮ್ಮ ಸಲಹೆ, ವಾಟ್ಸ್ಆ್ಯಪ್‌ನಲ್ಲಾದರೂ ಸರಿ.

ಎಸಿ ಕ್ಯಾಬಿನ್ ಕಡ್ಡಾಯ ಎನ್ನುವುದು ನಿಜವೇ, ಆದರೆ 2025ರ ಅಕ್ಟೋಬರ್ 1ರಿಂದ ತಯಾರಾದ ಲಾರಿಗಳಿಗೆ ಮಾತ್ರ. ಹೊಸಬರ ಕೈಗೆ ಸಾಮಾನ್ಯವಾಗಿ ಹಳೇ ಗಾಡಿಯೇ ಬರುವುದು.