ಹೆಸರಿಲ್ಲದ ಕೈಗಳ ಬೀದರ್

ಬೀದರಿನ ಇತಿಹಾಸ ಅಂದಕೂಡಲೇ ನಮ್ಮ ಮುಂದೆ ಸುಲ್ತಾನರ ಪಟ್ಟಿ ಇಡುತ್ತಾರೆ. ಯಾರ ನಂತರ ಯಾರು ಪಟ್ಟಕ್ಕೆ ಬಂದರು, ಯಾರನ್ನು ಯಾರು ಕೊಂದರು. ಕಲ್ಲು ಕಡಿದವರು ಯಾರು, ಸುಣ್ಣ ಅರೆದವರು ಯಾರು ಅಂತ ಕೇಳಿದರೆ ಪುಸ್ತಕ ಬಾಯಿ ಮುಚ್ಚಿಕೊಳ್ಳುತ್ತದೆ.

ಅಷ್ಟೂರಿಗೆ ಹೋಗಿ ನೋಡ್ರಿ. 1436ರಲ್ಲಿ ತೀರಿಕೊಂಡ ಅಹಮದ್ ಶಾಹ ವಲಿಯ ಗೋರಿಯ ಒಳಗೋಡೆಯ ಮೇಲೆ ಬಣ್ಣದ ಹೂಬಳ್ಳಿ, ಚಿನ್ನದ ಅಕ್ಷರ ಇನ್ನೂ ಉಳಿದಿವೆ. ಇದೇ ಗೋರಿಗೆ ಉರುಸಿನಲ್ಲಿ ಮಾಡ್ಯಾಳದಿಂದ ಜಂಗಮರು ಬರುತ್ತಾರೆ; ಜನ ಆತನನ್ನು ಅಲ್ಲಮಪ್ರಭು ಅಂತಲೂ ನಂಬುತ್ತಾರೆ. ಅಲ್ಲಿ ಬಣ್ಣ ತುಂಬಿದ ಕಜ್ವೀನಿನ ಶುಕ್ರುಲ್ಲಾನ ಹೆಸರು ಉಳಿದಿದೆ. ಹತ್ತಿರದ ಚೌಖಂಡಿಯಲ್ಲಿ ಅಕ್ಷರ ಬರೆದ ಶಿರಾಜಿನ ಮುಘೀಸನ ಹೆಸರೂ ಉಳಿದಿದೆ. ದೂರದ ಇರಾನಿನಿಂದ ಬಂದ ಉಸ್ತಾದರಿಗೆ ಹೆಸರು ಸಿಕ್ಕಿತು, ಅದು ತಪ್ಪಲ್ಲ. ಆದರೆ ಆ ಗೋಡೆ ಎತ್ತಿದ, ಗಾರೆ ಮೆತ್ತಿದ ಇಲ್ಲಿಯ ಕೂಲಿಗಳ ಒಂದು ಹೆಸರೂ ಯಾಕ ಇಲ್ಲ?

1472ರಲ್ಲಿ ಕಟ್ಟಿಸಿದ ಮದರಸಾಕ್ಕೆ ಮಹಮೂದ್ ಗವಾನನ ಹೆಸರಿದೆ. ಅಂಥ ದೊಡ್ಡ ಮಂತ್ರಿಯನ್ನೂ 1481ರಲ್ಲಿ ಅರಮನೆ ಕೊಂದುಹಾಕಿತು. 1696ರಲ್ಲಿ, ಔರಂಗಜೇಬನ ಕಾಲಕ್ಕೆ, ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಉಳಿದ ನೀಲಿ ಹೆಂಚುಗಳು ಇವತ್ತಿಗೂ ಬಿಸಿಲಿಗೆ ಹೊಳೆಯುತ್ತವೆ.

ರಾಜರು ಹೋದರು, ಬಿದರಿ ಕೆಲಸ ಉಳಿಯಿತು. ಹೆಚ್ಚುಕಡಿಮೆ 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ, ಕಪ್ಪಾದ ಮೈಮೇಲೆ ಚಿತ್ರ ಗೀಚುತ್ತಾರೆ. ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯೊಳಗಿನ, ಬಿಸಿಲು ಮಳೆ ತಾಕದ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿಗೆ ಪಾತ್ರೆ ಹಾಕುತ್ತಾರೆ. ಲೋಹ ಖಾಯಂ ಕರಿಯಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕರಿಯ ಬಣ್ಣ ಕೀಳು ಅನ್ನುವ ನಾಡಿನಲ್ಲಿ ಬೆಳ್ಳಿಗೆ ಬೆಲೆ ತಂದುಕೊಟ್ಟದ್ದು ಇದೇ ಕರಿ, ಇದೇ ಮಣ್ಣು.

1851ರ ಲಂಡನ್ ಪ್ರದರ್ಶನದಲ್ಲಿ ಬಿದರಿ ಪಾತ್ರೆ ಸಾಹೇಬರ ಕಣ್ಣು ಸೆಳೆಯಿತು. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಒಬ್ಬ ಕುಶಲಕರ್ಮಿಯ ಹೆಸರು ದೇಶದ ಬಾಯಲ್ಲಿ ಬಂದದ್ದು ನಮಗೆಲ್ಲ ಹೆಮ್ಮೆ. ಆದರೆ ಭಟ್ಟಿಯ ಮುಂದೆ ಬೆವರುವವರು, ಅರ ತಿಕ್ಕಿ ಬೆರಳು ಸವೆಸಿಕೊಂಡವರು? ಅಂಗಡಿಯ ಗಾಜಿನ ಹಿಂದೆ ಹೂದಾನಿಯ ಬೆಲೆ ಕಾಣುತ್ತದೆ, ಅವರ ಕೂಲಿ ಕಾಣುವುದಿಲ್ಲ.

ಇನ್ನು ಭಾಲ್ಕಿ, ಔರಾದ ಕಡೆ ಬರ್ರಿ. ಅಲ್ಲಿ ಹಳೇ ಸೀರೆ, ಹರಿದ ಧೋತ್ರ ಕೂಡಿಸಿ ನಮ್ಮವ್ವಂದಿರು ಕೌದಿ ಹೊಲಿಯುತ್ತಾರೆ. ತಾಂಡಾದ ಲಂಬಾಣಿ ಹೆಂಗಸರು ಬಟ್ಟೆಗೆ ಕನ್ನಡಿ ಕೂರಿಸುತ್ತಾರೆ. ದೀಪಾವಳಿಗೆ ಸಗಣಿಯ ಪಾಂಡವರು ಬಾಗಿಲಿಗೆ ಬರುತ್ತಾರೆ. ಇವನ್ನು ಯಾವ ಸುಲ್ತಾನನೂ ಮಾಡಿಸಲಿಲ್ಲ. ಅದಕ್ಕೇ ಇರಬೇಕು, ಪಂಡಿತರ ಪುಸ್ತಕ ಇವಕ್ಕೆ ಕಲೆ ಅನ್ನಲು ಹಿಂದೆಮುಂದೆ ನೋಡುತ್ತದೆ. ಬಿದರಿಯ ಬೆಳ್ಳಿಗೆರೆಗೂ ಕೌದಿಯ ದಾರದ ಗೆರೆಗೂ ವ್ಯತ್ಯಾಸ ಬೆರಳಿನದಲ್ಲ, ಕೊಂಡವನ ಕಿಸೆಯದು.

ಗುಂಬಜ ನೋಡಲು ಬರುವವರಿಗೆ ನಾವು ಅಡ್ಡ ಬರುವುದಿಲ್ಲ. ಬರಲಿ, ನೋಡಲಿ. ಆದರೆ ಕಟ್ಟಿಸಿದವರು ಯಾರು ಅಂತ ಕೇಳಿ ಸುಮ್ಮನಾಗದೆ ಕಟ್ಟಿದವರು ಯಾರು ಅಂತಲೂ ಕೇಳಲಿ. ಪ್ರತಿ ಬಿದರಿ ಪಾತ್ರೆಯ ತಳದಲ್ಲಿ ಬಡಿದವನ ಹೆಸರು ಬೀಳಲಿ. ಕೌದಿ ಹೊಲಿದ ಅವ್ವನ ಹೆಸರು ಊರಿನ ಇತಿಹಾಸದಲ್ಲಿ ಬರಲಿ. ಆ ಪಟ್ಟಿಯನ್ನು ಬರೆಯಬೇಕಾದವರು ನಾವೇ.