ಬಯಲು, ಬದು, ಎಳೆಯ ಗೂಡು: ಕೊಪ್ಪಳ ಸೀಮೆಯ ಇರುವೆಗಳ ಅಂತರದ ಲೆಕ್ಕ

ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ ಹೊಲದಲ್ಲಿ ಸಜ್ಜೆ ರಾಶಿ ಮುಗಿದ ಮೇಲೆ ಕಣದ ಅಂಚಿಗೆ ಕೂತು ನೋಡಬೇಕು. ನೆಲದಲ್ಲೊಂದು ಸಣ್ಣ ತೂತು, ಸುತ್ತ ಹುಲ್ಲುಬೀಜದ ಹೊಟ್ಟಿನ ಬಳೆ. ಕಾಳು ಒಳಗೆ, ಸಿಪ್ಪೆ ಹೊರಗೆ. ಇಂಥ ಇರುವೆಗಳು ನೆನೆದ ಬೀಜವನ್ನು ಹೊರತಂದು ಬಿಸಿಲಿಗೆ ಹರವುವುದನ್ನು ಕರ್ನಲ್ ಸೈಕ್ಸ್ 19ನೆಯ ಶತಮಾನದಲ್ಲೇ ಪುಣೆಯಲ್ಲಿ ಕಂಡು ಬರೆದಿದ್ದ. ಇಲ್ಲಿನ ಪ್ರಶ್ನೆ ಬೇರೆ: ಗೂಡಿನಿಂದ ಗೂಡಿಗೆ ಇಷ್ಟು ದೂರ ಏಕೆ?

ಪೈಪೋಟಿ ಎನ್ನುವುದು ರೂಢಿಯ ಉತ್ತರ. ಮಳೆ ಬಿದ್ದ ಮೇಲೆ ಹಾರಿ ಇಳಿದ ರಾಣಿ ರೆಕ್ಕೆ ಕಳಚಿ ನೆಲ ಅಗೆಯುತ್ತಾಳೆ; ಹಳೆಯ ಗೂಡಿನವರ ಕಣ್ಣಿಗೆ ಬಿದ್ದರೆ ಅಲ್ಲಿಗೇ ಮುಗಿಯಿತು. ಬದುಕಿದರೂ ಕಷ್ಟ ತಪ್ಪದು. ಅರಿಜೋನಾದಲ್ಲಿ 1985ರಿಂದ ಬೀಜದಿರುವೆಗಳನ್ನು ಗಮನಿಸುತ್ತಿರುವ ಡೆಬೊರಾ ಗಾರ್ಡನ್ ತೋರಿಸಿದಂತೆ, ದೊಡ್ಡ ಗೂಡಿನ ಪಕ್ಕದ ಎಳೆಯ ಗೂಡು ಉಳಿಯುವುದು ಕಡಿಮೆ. ಕಾದಾಟಕ್ಕಿಂತ ಮೇವಿನ ನೆಲ ಕೈತಪ್ಪುವುದೇ ಅಲ್ಲಿ ದೊಡ್ಡ ನಷ್ಟ.

ಇದನ್ನು ಅಳೆಯಲು 1954ರ ಕ್ಲಾರ್ಕ್–ಇವಾನ್ಸ್ ಸೂತ್ರವಿದೆ. ಅತಿ ಹತ್ತಿರದ ನೆರೆಗೂಡಿನ ಸರಾಸರಿ ದೂರವನ್ನು, ಗೂಡುಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಇರಬಹುದಾದ ದೂರದಿಂದ ಭಾಗಿಸಬೇಕು. 1ಕ್ಕಿಂತ ಹೆಚ್ಚು ಬಂದರೆ ಗೂಡುಗಳು ಹದವಾಗಿ ದೂರವಿವೆ, ಕಡಿಮೆ ಬಂದರೆ ಗುಂಪುಗೂಡಿವೆ. ಸರಳ ಸೂತ್ರ, ಸಮತಟ್ಟು ಬಯಲಿಗೆ ಸರಿ.

ಗಂಗಾವತಿಗೆ ಬಂದರೆ ಅದು ಎಡವುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಇರುವೆಗೆ ಉಳಿಯುವುದು ಬದು ಮಾತ್ರ. ಕಾಗದದ ಮೇಲೊಂದು ಲೆಕ್ಕ ಹಾಕೋಣ: 100 ಮೀಟರ್ ಚೌಕದ ಒಂದು ಹೆಕ್ಟೇರಿನಲ್ಲಿ 100 ಗೂಡು. ಬಯಲಿನ ಸೂತ್ರ ನಿರೀಕ್ಷಿಸುವ ಅಂತರ 5 ಮೀಟರ್. ಅವೇ ಗೂಡುಗಳು 400 ಮೀಟರ್ ಬದುವಿನ ಮೇಲೆ ಅಡ್ಡಾದಿಡ್ಡಿ ಬಿದ್ದರೆ ಸಿಗುವುದು ಸುಮಾರು 2 ಮೀಟರ್. ಭಾಗಲಬ್ಧ 0.4. ಇರುವೆಗಳು ಒಟ್ಟಿಗಿರಲು ಇಷ್ಟಪಡುತ್ತವೆ ಎಂದು ಸಂಶೋಧಕ ಬರೆದುಬಿಡುತ್ತಾನೆ. ಅಲ್ಲಿರುವುದು ಇಷ್ಟವಲ್ಲ, ನೀರು. ಬದುವನ್ನು ಉದ್ದದಲ್ಲೇ ಅಳೆಯಬೇಕು.

ಒಣಬೇಸಾಯದ ಹೊಲವೂ ಪೂರ್ತಿ ನಂಬಿಕಸ್ಥವಲ್ಲ. ಹಳೆಯ ಗೂಡು ಆಳಕ್ಕಿಳಿದಿರುತ್ತದೆ, ಕುಂಟೆ ಹಾಯ್ದರೆ ಬಾಯಿಯಷ್ಟೇ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಎಳೆಯದು ಮೇಲ್ಮಣ್ಣಿನಲ್ಲೇ ಅಳಿಯುತ್ತದೆ. ನೆರೆಗೂಡು ಕೊಂದಿತೋ, ಕುಂಟೆ ಕೊಂದಿತೋ ಎಂಬುದನ್ನು ಅಂತರವೊಂದೇ ಹೇಳಲಾರದು. ಆದ್ದರಿಂದ ಟೇಪು ಹಿಡಿಯುವ ಮೊದಲು ಹೊಲದ ರೈತರನ್ನು ಕೇಳಿ: ಇಲ್ಲಿ ಕೊನೆಯ ಸಲ ಕುಂಟೆ ಹೊಡೆದದ್ದು ಯಾವಾಗ?