ಮಧುಮೇಹ ಮತ್ತು ಹೃದಯ ಸ್ನಾಯುಕೋಶಗಳ ವಿದ್ಯುತ್ ಚಟುವಟಿಕೆ: ಸಾರ್ವಜನಿಕರಿಗೆ ಮಾಹಿತಿ

ಮಧುಮೇಹವು ಹೃದಯದ ರಕ್ತನಾಳಗಳಿಗೆ ಹಾನಿ ಉಂಟುಮಾಡುತ್ತದೆ ಎಂಬುದು ಬಹುತೇಕ ಜನರಿಗೆ ತಿಳಿದ ವಿಷಯ. ಆದರೆ ರಕ್ತನಾಳಗಳು ಸುಸ್ಥಿತಿಯಲ್ಲಿದ್ದಾಗಲೂ ಈ ಕಾಯಿಲೆಯು ಹೃದಯ ಸ್ನಾಯುವಿನ ಜೀವಕೋಶಗಳಲ್ಲಿ ನಡೆಯುವ ವಿದ್ಯುತ್ ಕ್ರಿಯೆಯನ್ನು ಏರುಪೇರು ಮಾಡಬಲ್ಲದು. ಇದರ ಪರಿಣಾಮವಾಗಿ ಹೃದಯ ಬಡಿತದ ಲಯ ತಪ್ಪಬಹುದು. ಕೆಲವೊಮ್ಮೆ ಹಠಾತ್ ಮರಣವೂ ಸಂಭವಿಸಬಹುದು. ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಮಾತ್ರವಲ್ಲದೆ, ಅತಿಯಾಗಿ ಕುಸಿದಾಗಲೂ ಈ ಅಪಾಯವಿರುತ್ತದೆ. ಈ ಕುರಿತು ಮಧುಮೇಹಿಗಳು ಹಾಗೂ ಅವರ ಕುಟುಂಬದವರು ತಿಳಿದಿರಬೇಕಾದ ಅಂಶಗಳನ್ನು ಕೆಳಗೆ ನೀಡಲಾಗಿದೆ.

1. ಹೃದಯದ ಕೋಶಗಳಲ್ಲಿ ವಿದ್ಯುತ್ ಹೇಗೆ ಉಂಟಾಗುತ್ತದೆ?

ಪ್ರತಿಯೊಂದು ಬಡಿತದ ಸಂಕೇತವು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಅಂಗಾಂಶದಲ್ಲಿ ಹುಟ್ಟಿ ಇಡೀ ಹೃದಯಕ್ಕೆ ಹರಡುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ಹೃತ್ಕುಕ್ಷಿಯ, ಅಂದರೆ ಹೃದಯದ ಕೆಳಕೋಣೆಯ, ಸ್ನಾಯುಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟ್‌ನಷ್ಟು ಋಣಾತ್ಮಕವಾಗಿರುತ್ತದೆ. ಸಂಕೇತ ತಲುಪಿದೊಡನೆ ಸೋಡಿಯಂ ಅಯಾನುಗಳು ಕೋಶದೊಳಕ್ಕೆ ನುಗ್ಗುತ್ತವೆ. ಅನಂತರ ಕ್ಯಾಲ್ಸಿಯಂ ಒಳಬಂದು ಸ್ನಾಯುವು ಸಂಕುಚಿಸಲು ಕಾರಣವಾಗುತ್ತದೆ. ಕೊನೆಯಲ್ಲಿ ಪೊಟ್ಯಾಸಿಯಂ ಹೊರಕ್ಕೆ ಹರಿದು ಕೋಶವು ಮರಳಿ ವಿಶ್ರಾಂತ ಸ್ಥಿತಿಗೆ ಬರುತ್ತದೆ. ಇದೆಲ್ಲವೂ ಸುಮಾರು 300 ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಮಧುಮೇಹದಲ್ಲಿ ಮುಖ್ಯವಾಗಿ ಬಾಧೆಗೊಳಗಾಗುವುದು ಕೊನೆಯ ಚೇತರಿಕೆಯ ಹಂತ.

2. ಮಧುಮೇಹದಿಂದ ಆಗುವ ಬದಲಾವಣೆಗಳು ಯಾವುವು?

(ಅ) ಪೊಟ್ಯಾಸಿಯಂ ಹರಿವು ಕುಗ್ಗುವುದು: ಪೊಟ್ಯಾಸಿಯಂ ಹೊರಹೋಗುವ ಮಾರ್ಗಗಳು ಮಧುಮೇಹದಲ್ಲಿ ದುರ್ಬಲಗೊಳ್ಳುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಇದರಿಂದ ಕೋಶದ ಚೇತರಿಕೆ ತಡವಾಗುತ್ತದೆ.

(ಆ) ಕ್ಯಾಲ್ಸಿಯಂ ಸೋರುವುದು: ಪ್ರತಿ ಬಡಿತದ ನಂತರ ಕ್ಯಾಲ್ಸಿಯಂ ಕೋಶದೊಳಗಿನ ಸಂಗ್ರಹಕ್ಕೆ ಮರಳಬೇಕು. ಮಧುಮೇಹದಲ್ಲಿ ಈ ಕಾರ್ಯ ನಿಧಾನವಾಗುತ್ತದೆ. ಅಧಿಕ ಸಕ್ಕರೆಯಿಂದಾಗಿ ಸಕ್ಕರೆಯ ಒಂದು ಅಣುವು ಕೋಶದ ಒಂದು ಮುಖ್ಯ ಕಿಣ್ವಕ್ಕೆ ಅಂಟಿಕೊಂಡು, ಅದನ್ನು ಸದಾ ಚುರುಕಾಗಿರಿಸಿ, ಸಂಗ್ರಹದಿಂದ ಕ್ಯಾಲ್ಸಿಯಂ ಸೋರುವಂತೆ ಮಾಡುತ್ತದೆ ಎಂಬ ಸಂಶೋಧನೆ 2013ರಲ್ಲಿ ಪ್ರಕಟವಾಯಿತು. ಹೀಗೆ ಸೋರಿದ ಕ್ಯಾಲ್ಸಿಯಂ ಅಕಾಲಿಕ ಬಡಿತಗಳನ್ನು ಪ್ರಚೋದಿಸುತ್ತದೆ.

(ಇ) ಸ್ನಾಯುವಿನಲ್ಲಿ ನಾರು ಬೆಳೆಯುವುದು: ಕೋಶಗಳ ನಡುವೆ ನಾರಿನ ಅಂಗಾಂಶ ಹೆಚ್ಚಿದಾಗ ವಿದ್ಯುತ್ ಸಂಕೇತದ ಹಾದಿ ತಡೆಯಲ್ಪಡುತ್ತದೆ. ಹೃತ್ಕರ್ಣದ ಅನಿಯಮಿತ ಕಂಪನಕ್ಕೆ ಇದೂ ಒಂದು ಕಾರಣ. ಈ ಕಂಪನದಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತಗಲುವ ಸಂಭವವಿದೆ.

(ಈ) ನರಗಳ ಹಾನಿ: ಹೃದಯವನ್ನು ನಿಯಂತ್ರಿಸುವ ನರಗಳು ದುರ್ಬಲಗೊಂಡಾಗ ವಿಶ್ರಾಂತಿಯಲ್ಲಿಯೂ ಬಡಿತ ವೇಗವಾಗಿರಬಹುದು. ಹೃದಯಾಘಾತವಾದರೂ ಎದೆನೋವು ಕಾಣಿಸದಿರಬಹುದು.

3. ಸಕ್ಕರೆ ಕುಸಿದಾಗ ಏನಾಗುತ್ತದೆ?

ರಕ್ತದ ಸಕ್ಕರೆಯು ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಅದನ್ನು ಸಕ್ಕರೆ ಕುಸಿತ ಎನ್ನಲಾಗುತ್ತದೆ. ಆಗ ಸ್ರವಿಸುವ ಅಡ್ರಿನಲಿನ್ ರಕ್ತದಲ್ಲಿನ ಪೊಟ್ಯಾಸಿಯಂ ಅನ್ನು ಕೋಶಗಳೊಳಕ್ಕೆ ತಳ್ಳುತ್ತದೆ. ಹೃದಯದ ಚೇತರಿಕೆ ಇನ್ನಷ್ಟು ತಡವಾಗುತ್ತದೆ. ಇನ್ಸುಲಿನ್ ಪಡೆಯುತ್ತಿದ್ದ ಯುವಜನರು ರಾತ್ರಿ ಆರೋಗ್ಯವಾಗಿ ಮಲಗಿ ಬೆಳಿಗ್ಗೆ ಹಾಸಿಗೆಯಲ್ಲಿಯೇ ಮೃತರಾಗಿ ಕಂಡುಬಂದ ಪ್ರಕರಣಗಳನ್ನು ಬ್ರಿಟನ್ನಿನ ವೈದ್ಯರು 1991ರಲ್ಲಿ ವರದಿ ಮಾಡಿದ್ದರು. ರಾತ್ರಿಯ ಸಕ್ಕರೆ ಕುಸಿತದಿಂದ ಹೃದಯದ ಲಯ ತಪ್ಪುವುದು ಇದಕ್ಕೆ ಪ್ರಮುಖ ಕಾರಣವಿರಬಹುದೆಂದು ಭಾವಿಸಲಾಗಿದೆ.

ಇದಕ್ಕೆ ವಿರುದ್ಧವಾಗಿ, ಇನ್ಸುಲಿನ್ ಕೊರತೆಯಿಂದ ರಕ್ತವು ಆಮ್ಲೀಯವಾದಾಗ ಪೊಟ್ಯಾಸಿಯಂ ಕೋಶಗಳಿಂದ ಹೊರಬರುತ್ತದೆ. ಚಿಕಿತ್ಸೆಯಾಗಿ ಇನ್ಸುಲಿನ್ ನೀಡಿದೊಡನೆ ಅದು ಶೀಘ್ರವಾಗಿ ಒಳಸರಿಯುತ್ತದೆ. ಆದ್ದರಿಂದ ಈ ಸ್ಥಿತಿಗೆ ಆಸ್ಪತ್ರೆಯಲ್ಲಿ, ಪೊಟ್ಯಾಸಿಯಂ ಪ್ರಮಾಣವನ್ನು ಪದೇ ಪದೇ ಪರೀಕ್ಷಿಸುತ್ತಲೇ ಚಿಕಿತ್ಸೆ ನೀಡಬೇಕಾಗುತ್ತದೆ.

4. ಇದನ್ನು ಪತ್ತೆ ಹಚ್ಚುವುದು ಹೇಗೆ?

ಇ.ಸಿ.ಜಿ. ಎಂಬ ಸರಳ ಹಾಗೂ ನೋವುರಹಿತ ಪರೀಕ್ಷೆಯಲ್ಲಿ ಕ್ಯೂ.ಟಿ. ಅವಧಿ ಎಂಬ ಅಳತೆ ದೊರೆಯುತ್ತದೆ. ಹೃತ್ಕುಕ್ಷಿಗಳ ವಿದ್ಯುತ್ ಕ್ರಿಯೆ ಆರಂಭವಾಗಿ ಚೇತರಿಕೆ ಮುಗಿಯುವವರೆಗಿನ ಕಾಲವೇ ಕ್ಯೂ.ಟಿ. ಅವಧಿ. ಬಡಿತದ ವೇಗಕ್ಕೆ ಅನುಗುಣವಾಗಿ ಸರಿಹೊಂದಿಸಿದ ನಂತರ ಇದು ಪುರುಷರಲ್ಲಿ 450, ಮಹಿಳೆಯರಲ್ಲಿ 460 ಮಿಲಿಸೆಕೆಂಡುಗಳನ್ನು ಮೀರಿದರೆ ದೀರ್ಘವೆಂದು ಪರಿಗಣಿಸಲಾಗುತ್ತದೆ. 500 ಮೀರಿದಲ್ಲಿ ಅಪಾಯಕಾರಿ ಲಯದೋಷದ ಸಂಭವ ಹೆಚ್ಚು. ಒಂದು ಬಾರಿಯ ಇ.ಸಿ.ಜಿ. ಸಹಜವಾಗಿದ್ದ ಮಾತ್ರಕ್ಕೆ ತೊಂದರೆ ಇಲ್ಲವೆಂದು ನಿರ್ಧರಿಸಲಾಗದು.

5. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• 30 ವರ್ಷ ಮೇಲ್ಪಟ್ಟವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಧುಮೇಹ ಹಾಗೂ ರಕ್ತದೊತ್ತಡ ತಪಾಸಣೆ ಮಾಡಿಸಿಕೊಳ್ಳುವುದು.
• ಮಧುಮೇಹಿಗಳು ಇ.ಸಿ.ಜಿ. ಪರೀಕ್ಷೆಯ ಅಗತ್ಯದ ಬಗ್ಗೆ ವೈದ್ಯರನ್ನು ವಿಚಾರಿಸುವುದು. ಹಿಂದಿನ ಇ.ಸಿ.ಜಿ. ಪ್ರತಿ, ರಕ್ತ ಪರೀಕ್ಷೆಯ ವರದಿ ಮತ್ತು ಔಷಧ ಚೀಟಿಗಳನ್ನು ತಪ್ಪದೆ ಕೊಂಡೊಯ್ಯುವುದು. ಹಳೆಯ ಪ್ರತಿಯೊಡನೆ ಹೋಲಿಸಿದಾಗಲೇ ಬದಲಾವಣೆ ಸ್ಪಷ್ಟವಾಗುತ್ತದೆ.
• ಎರಿಥ್ರೋಮೈಸಿನ್, ಡೊಂಪೆರಿಡೋನ್ ಹಾಗೂ ಮಾನಸಿಕ ಕಾಯಿಲೆಯ ಕೆಲವು ಔಷಧಗಳು ಕ್ಯೂ.ಟಿ. ಅವಧಿಯನ್ನು ಹೆಚ್ಚಿಸಬಲ್ಲವು. ಔಷಧ ಅಂಗಡಿಯಿಂದ ಸ್ವಂತ ನಿರ್ಧಾರದಿಂದ ಇವನ್ನು ಪಡೆಯಬಾರದು. ವೈದ್ಯರು ನೀಡಿದ್ದಲ್ಲಿ ತಾವಾಗಿಯೇ ನಿಲ್ಲಿಸಲೂಬಾರದು.
• ವಾಂತಿ, ಭೇದಿ ಮತ್ತು ಕೆಲವು ಮೂತ್ರವರ್ಧಕ ಮಾತ್ರೆಗಳಿಂದ ಪೊಟ್ಯಾಸಿಯಂ ಕಡಿಮೆಯಾಗಬಹುದು. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಅದು ಹೆಚ್ಚಾಗುವುದೂ ಅಪಾಯಕರ. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಪೊಟ್ಯಾಸಿಯಂ ಔಷಧ ಸೇವಿಸಬಾರದು.
• ನಡುಕ, ಬೆವರು, ಹಸಿವು, ಗೊಂದಲ ಕಂಡುಬಂದಲ್ಲಿ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯುವುದು. 15 ನಿಮಿಷಗಳ ನಂತರ ಸಕ್ಕರೆಯನ್ನು ಪುನಃ ಪರೀಕ್ಷಿಸುವುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.
• ರಾತ್ರಿ ವೇಳೆ ಸಕ್ಕರೆ ಕುಸಿಯುತ್ತಿದ್ದರೆ ಇನ್ಸುಲಿನ್ ಪ್ರಮಾಣದ ಬಗ್ಗೆ ಕೂಡಲೇ ವೈದ್ಯರನ್ನು ಕಾಣುವುದು. ಇನ್ಸುಲಿನ್ ಅನ್ನು ತಾವಾಗಿಯೇ ನಿಲ್ಲಿಸಬಾರದು.

6. ತುರ್ತು ಸಂದರ್ಭದಲ್ಲಿ

ಮೂರ್ಛೆ, ಅಕಾರಣ ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಎದೆಬಡಿತ ಏರುವುದು, ತಣ್ಣನೆಯ ಬೆವರು ಅಥವಾ ವಿಪರೀತ ಸುಸ್ತು ಕಾಣಿಸಿಕೊಂಡಲ್ಲಿ, ಎದೆನೋವು ಇಲ್ಲದಿದ್ದರೂ ಸಹ, ವಿಳಂಬ ಮಾಡದೆ 108 ದೂರವಾಣಿ ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಸೇವೆ ಪಡೆಯುವುದು. ರೋಗಿಗೆ ಮಧುಮೇಹವಿರುವುದನ್ನೂ ಸೇವಿಸುತ್ತಿರುವ ಔಷಧಗಳನ್ನೂ ಆಸ್ಪತ್ರೆಯ ಸಿಬ್ಬಂದಿಗೆ ಮೊದಲಿಗೇ ತಿಳಿಸತಕ್ಕದ್ದು.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಲಾಗಿದ್ದು, ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ.